ಕೀಟ ಗುರುತಿಸಲು ಮೊಬೈಲ್ ಕ್ಯಾಮೆರಾ: ಸಮೀಪ ಚಿತ್ರ ತೆಗೆಯುವ ಕ್ರಮ

ಮೆಣಸಿನಕಾಯಿ ಗಿಡದ ಎಲೆಗಳು ದೋಣಿಯಂತೆ ಮೇಲ್ಮುಖವಾಗಿ ಮುದುಡಿದ್ದರೆ ಅದು ಸಾಮಾನ್ಯವಾಗಿ ಥ್ರಿಪ್ಸ್ ನುಶಿಯ ಬಾಧೆ. ಎಲೆಯ ಅಂಚುಗಳು ಕೆಳಮುಖವಾಗಿ ಬಾಗಿ ತೊಟ್ಟು ಉದ್ದವಾಗಿದ್ದರೆ ಮೈಟ್ ನುಶಿಯ ಬಾಧೆ. ಆಡುಮಾತಿನಲ್ಲಿ ಎರಡಕ್ಕೂ ಮುಟುರು ರೋಗವೆಂದೇ ಹೆಸರು. ಆದರೆ ಥ್ರಿಪ್ಸ್ ಆರು ಕಾಲಿನ ಕೀಟ, ಮೈಟ್ ಎಂಟು ಕಾಲಿನ ಜೀವಿ. ಮೊದಲನೆಯದಕ್ಕೆ ಸಿಂಪಡಿಸುವ ಅನೇಕ ಕೀಟನಾಶಕಗಳು ಎರಡನೆಯದನ್ನು ತಟ್ಟುವುದಿಲ್ಲ. ಕೆಲವು ಪೈರೆಥ್ರಾಯ್ಡ್ ಔಷಧಿಗಳಂತೂ ಮೈಟ್ ನುಶಿಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ತಪ್ಪು ಗುರುತಿನಿಂದ ಔಷಧಿಯ ಹಣ, ಕೂಲಿ ಮತ್ತು ಬೆಳೆಯ ಅಮೂಲ್ಯ ದಿನಗಳು ಒಟ್ಟಿಗೆ ನಷ್ಟವಾಗುತ್ತವೆ. ಸ್ಪಷ್ಟವಾದ ಒಂದು ಸಮೀಪ ಚಿತ್ರವು ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಲ್ಲದು. ಇದಕ್ಕೆ ದುಬಾರಿ ಫೋನ್ ಅಗತ್ಯವಿಲ್ಲ.

ಫೋನನ್ನು ಎಷ್ಟು ಹತ್ತಿರ ಹಿಡಿಯಬೇಕು?

ತಜ್ಞರಿಗೆ ಬರುವ ಚಿತ್ರಗಳಲ್ಲಿ ಕಾಣುವ ಮೊದಲ ದೋಷವೆಂದರೆ ಫೋನನ್ನು ಕೀಟಕ್ಕೆ ಅತಿ ಹತ್ತಿರ ಹಿಡಿದಿರುವುದು. ಬಹುತೇಕ ಫೋನ್‌ಗಳ ಮುಖ್ಯ ಕ್ಯಾಮೆರಾ ಸುಮಾರು 10 ಸೆಂ.ಮೀ.ಗಿಂತ ಸಮೀಪದ ವಸ್ತುವನ್ನು ಸ್ಪಷ್ಟವಾಗಿ ಹಿಡಿಯಲಾರದು. ಆದುದರಿಂದ ಒಂದು ಗೇಣಿನಷ್ಟು ದೂರದಿಂದ ಆರಂಭಿಸಿ, ಪರದೆಯ ಮೇಲೆ ಕೀಟವಿರುವ ಜಾಗವನ್ನು ಬೆರಳಿನಿಂದ ಮುಟ್ಟಿ, ನಿಧಾನವಾಗಿ ಮುಂದಕ್ಕೆ ಸಾಗಿರಿ. ಚಿತ್ರ ಮಸುಕಾಗತೊಡಗಿದ ಕ್ಷಣ ತುಸು ಹಿಂದಕ್ಕೆ ಬಂದು ಕ್ಲಿಕ್ಕಿಸಿರಿ. ಚಿತ್ರದಲ್ಲಿ ಕೀಟ ಚಿಕ್ಕದಾಗಿ ಕಂಡರೂ ಚಿಂತೆಯಿಲ್ಲ, ಸ್ಪಷ್ಟವಾಗಿದ್ದರೆ ಅನಂತರ ಕತ್ತರಿಸಿ ದೊಡ್ಡದು ಮಾಡಬಹುದು. ಮಸುಕಾದ ಚಿತ್ರವನ್ನು ಯಾರೂ ಸರಿಪಡಿಸಲಾರರು. ಬೆರಳುಗಳಿಂದ ಪರದೆಯನ್ನು ಹಿಗ್ಗಿಸಿ ತೆಗೆಯುವ ಡಿಜಿಟಲ್ ಜೂಮ್‌ನಿಂದ ಹೊಸ ವಿವರವೇನೂ ದೊರೆಯುವುದಿಲ್ಲ.

ಕಡಿಮೆ ಬೆಲೆಯ ಹಲವು ಫೋನ್‌ಗಳಲ್ಲಿ 2 ಮೆಗಾಪಿಕ್ಸೆಲ್‌ನ ಪ್ರತ್ಯೇಕ ಮ್ಯಾಕ್ರೋ ಕ್ಯಾಮೆರಾ ಇರುತ್ತದೆ. ಹೆಸರು ದೊಡ್ಡದು, ಫಲ ಸಾಧಾರಣ. ಮುಖ್ಯ ಕ್ಯಾಮೆರಾದಲ್ಲಿ ತೆಗೆದು ಕತ್ತರಿಸಿದ ಚಿತ್ರವೇ ಅನೇಕ ಸಲ ಅದಕ್ಕಿಂತ ಲೇಸಾಗಿರುತ್ತದೆ. ಎರಡನ್ನೂ ಒಮ್ಮೆ ಪರೀಕ್ಷಿಸಿ ನೋಡಿರಿ.

ಥ್ರಿಪ್ಸ್ ನುಶಿಯ ಉದ್ದ ಸುಮಾರು 1 ಮಿ.ಮೀ. ಮಾತ್ರ. ಮೈಟ್ ನುಶಿ ಅದಕ್ಕಿಂತಲೂ ಸೂಕ್ಷ್ಮ. ಇವುಗಳಿಗೆ ಮಾತ್ರ ಹೆಚ್ಚುವರಿ ಮಸೂರ ಬೇಕು. ವಿಸ್ತರಣಾ ಕಾರ್ಯಕರ್ತರ ಬಳಿಯಿರುವ 10 ಪಟ್ಟಿನ ಭೂತಗನ್ನಡಿಯನ್ನು ಫೋನಿನ ಮಸೂರಕ್ಕೆ ಒತ್ತಿ ಹಿಡಿದರೆ ಸಾಕು. ಆಗ ಕೀಟವು ಗಾಜಿನಿಂದ ಸುಮಾರು 2.5 ಸೆಂ.ಮೀ. ದೂರದಲ್ಲಿರಬೇಕು. ಈ ಅಂತರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಒಂದೆರಡು ಮಿಲಿಮೀಟರ್‌ಗಿಂತ ಹೆಚ್ಚಿರುವುದಿಲ್ಲ. ಕೈ ಕೂದಲೆಳೆಯಷ್ಟು ಅಲುಗಿದರೂ ಕೀಟ ಮಸುಕಾಗುತ್ತದೆ. ಫೋನನ್ನು ಅತಿ ಮೆಲ್ಲಗೆ ಹಿಂದೆ ಮುಂದೆ ಸರಿಸುತ್ತಾ ಹತ್ತಾರು ಚಿತ್ರಗಳನ್ನು ಒಂದೇ ಸಮನೆ ತೆಗೆದು, ಅವುಗಳಲ್ಲಿ ಉತ್ತಮವಾದ ಎರಡನ್ನು ಇಟ್ಟುಕೊಳ್ಳುವುದೇ ಇದಕ್ಕೆ ಉಪಾಯ. ಹೂವಿನೊಳಗೆ ಅಡಗಿರುವ ಥ್ರಿಪ್ಸ್‌ಗಾಗಿ ಹೂವನ್ನು ಬಿಳಿ ಕಾಗದದ ಮೇಲೆ ಮೆಲ್ಲನೆ ತಟ್ಟಿರಿ. ತಿಳಿ ಹಳದಿಯ ಮರಿಗಳು ಕಪ್ಪು ಕಾಗದದ ಮೇಲೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ.

ಬೆಳಕು ಮತ್ತು ಗಾಳಿ

ಬೆಳಗಿನ ತಂಪು ಹೊತ್ತು ಈ ಕೆಲಸಕ್ಕೆ ಪ್ರಶಸ್ತ. ಕೀಟಗಳ ಚಲನೆ ಆಗ ಮಂದವಾಗಿರುತ್ತದೆ, ಗಾಳಿಯೂ ಕಡಿಮೆ. ನಡುಹಗಲಿನ ಬಿಸಿಲಿನಲ್ಲಿ ತೆಗೆಯಲೇಬೇಕಾದರೆ ಛತ್ರಿಯ ನೆರಳು ಮಾಡಿ, ಎದುರು ಬದಿಯಲ್ಲಿ ಬಿಳಿ ಕಾಗದ ಹಿಡಿದು ಬೆಳಕನ್ನು ಕೀಟದ ಮೇಲೆ ಬೀಳಿಸಿರಿ. ಹಿಟ್ಟು ತಿಗಣೆ, ಬಿಳಿನೊಣಗಳಂತಹ ಬಿಳಿಯ ಕೀಟಗಳು ಚಿತ್ರದಲ್ಲಿ ಬರೀ ಬಿಳಿ ಮಚ್ಚೆಯಾಗಿ ಬಿಡುತ್ತವೆ. ಪರದೆಯ ಮೇಲಿನ ಸೂರ್ಯನ ಚಿಹ್ನೆಯನ್ನು ಕೆಳಕ್ಕೆಳೆದು ಬೆಳಕನ್ನು ತಗ್ಗಿಸಿದರೆ ವಿವರಗಳು ಮೂಡುತ್ತವೆ. ಎಲೆಯನ್ನು ಎಡಗೈಯಲ್ಲಿ ಹಿಡಿದು, ಅದೇ ಕೈಗೆ ಫೋನಿನ ಅಂಚನ್ನು ಆನಿಸಿದರೆ ಗಾಳಿಗೆ ಎರಡೂ ಒಟ್ಟಿಗೆ ಅಲುಗುವುದರಿಂದ ಚಿತ್ರ ಕೆಡುವುದಿಲ್ಲ. ಇದೆಲ್ಲಕ್ಕೂ ಮೊದಲು ಮಸೂರವನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿರಿ. ಜೇಬಿನ ಬೆವರು, ಹೊಲದ ಧೂಳು ಕೆಡಿಸುವಷ್ಟು ಚಿತ್ರಗಳನ್ನು ಬೇರಾವುದೂ ಕೆಡಿಸದು.

ಕೀಟದ ಯಾವ ಭಾಗ ಕಾಣಬೇಕು?

ಮೆಕ್ಕೆಜೋಳದ ಫಾಲ್ ಸೈನಿಕ ಹುಳುವನ್ನು ನೋಡೋಣ. ಭಾರತದಲ್ಲಿ ಇದು ಮೊದಲು ಪತ್ತೆಯಾದುದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದಲ್ಲಿ. ಬೆಳೆದ ಮರಿಹುಳುವಿನ ತಲೆಯ ಮೇಲೆ ತಲೆಕೆಳಗಾದ ‘ವೈ’ ಆಕಾರದ ಬಿಳಿ ಗೆರೆ ಇರುತ್ತದೆ. ಹಿಂಬದಿಯ ಕೊನೆಯಿಂದ ಎರಡನೆಯ ಖಂಡದಲ್ಲಿ ನಾಲ್ಕು ಕಪ್ಪು ಚುಕ್ಕೆಗಳು ಚೌಕಾಕಾರದಲ್ಲಿರುತ್ತವೆ. ಸುಳಿಯೊಳಗೆ ಹಿಕ್ಕೆಯ ನಡುವೆ ಮಲಗಿರುವ ಹುಳುವಿನ ಚಿತ್ರದಲ್ಲಿ ಇವೆರಡೂ ಕಾಣುವುದಿಲ್ಲ. ಆದುದರಿಂದ ಹುಳುವನ್ನು ಕಡ್ಡಿಯಿಂದ ಹೊರತೆಗೆದು ಎಲೆಯ ಮೇಲಿರಿಸಿ, ತಲೆಯನ್ನು ಎದುರಿನಿಂದಲೂ ಬೆನ್ನನ್ನು ನೇರ ಮೇಲಿನಿಂದಲೂ ತೆಗೆಯಬೇಕು. ಅಪರಿಚಿತ ಕಂಬಳಿಹುಳುಗಳನ್ನು ಬರಿಗೈಯಲ್ಲಿ ಮುಟ್ಟಬಾರದು.

ಚಿತ್ರವು ಶತ್ರುವನ್ನಷ್ಟೇ ಅಲ್ಲ, ಮಿತ್ರನನ್ನೂ ತೋರಿಸುತ್ತದೆ. ಕ್ರಿಪ್ಟೋಲೀಮಸ್ ಗುಲಗಂಜಿ ಹುಳುವಿನ ಮರಿಗಳ ಮೈಮೇಲೆ ಬಿಳಿ ಮೇಣದ ಎಳೆಗಳಿದ್ದು, ಅವು ತಾವು ತಿನ್ನುವ ಹಿಟ್ಟು ತಿಗಣೆಯನ್ನೇ ಹೋಲುತ್ತವೆ. ದ್ರಾಕ್ಷಿ, ಸೀಬೆ ತೋಟಗಳಲ್ಲಿ ಇವನ್ನು ‘ದೊಡ್ಡ ಹಿಟ್ಟು ತಿಗಣೆ’ ಎಂದು ಭಾವಿಸಿ ಔಷಧಿ ಸಿಂಪಡಿಸಿದರೆ ಹಣ ಕೊಟ್ಟು ತಂದು ಬಿಟ್ಟ ಮಿತ್ರಕೀಟವೇ ನಾಶವಾಗುತ್ತದೆ. ಹಿಟ್ಟು ತಿಗಣೆ ಬಲು ನಿಧಾನವಾಗಿ ಚಲಿಸುತ್ತದೆ, ಈ ಮರಿ ಚುರುಕಾಗಿ ಓಡಾಡುತ್ತದೆ. ಆದ್ದರಿಂದ ಇಂತಹ ಕಡೆ ಚಿತ್ರದ ಜೊತೆಗೆ ಹತ್ತು ಸೆಕೆಂಡುಗಳ ವಿಡಿಯೋವನ್ನೂ ತೆಗೆಯುವುದು ಸೂಕ್ತ.

ಕಳುಹಿಸುವಾಗ

ಕೀಟದ ಚಿತ್ರವೊಂದೇ ಸಾಲದು. ಇಡೀ ಗಿಡ, ಬಾಧಿತ ಭಾಗ ಮತ್ತು ಎಲೆಯ ಕೆಳಮೈ, ಇವುಗಳ ಚಿತ್ರಗಳೂ ಜೊತೆಗಿರಲಿ. ಗಾತ್ರ ತಿಳಿಯಲು ಪಕ್ಕದಲ್ಲಿ ಮಿಲಿಮೀಟರ್ ಗುರುತಿರುವ ಅಳತೆಪಟ್ಟಿಯನ್ನು ಇರಿಸಿರಿ. ಒಂದೇ ಮೌಲ್ಯದ ನಾಣ್ಯಗಳೂ ಬೇರೆ ಬೇರೆ ಗಾತ್ರಗಳಲ್ಲಿ ಬಂದಿರುವುದರಿಂದ ನಾಣ್ಯ ಅಷ್ಟು ನಂಬಿಕೆಯ ಅಳತೆಯಲ್ಲ. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳುಹಿಸಿದರೆ ಚಿತ್ರ ಕುಗ್ಗಿ ಸೂಕ್ಷ್ಮ ವಿವರ ಅಳಿಸಿಹೋಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳುಹಿಸಿರಿ. ಬೆಳೆ, ತಳಿ, ಬೆಳೆಯ ವಯಸ್ಸು, ಊರು, ಕಡೆಯ ಬಾರಿ ಸಿಂಪಡಿಸಿದ ಔಷಧಿ ಮತ್ತು ದಿನಾಂಕವನ್ನು ಬರೆಯಲು ಮರೆಯದಿರಿ. ಔಷಧಿಯ ಹೆಸರು ನೆನಪಿಲ್ಲದಿದ್ದರೆ ಡಬ್ಬಿಯ ಚೀಟಿಯ ಚಿತ್ರವೂ ಆದೀತು.

ಥ್ರಿಪ್ಸ್‌ನ ಪ್ರಭೇದ ಯಾವುದೆಂಬುದು ಎಷ್ಟೇ ಒಳ್ಳೆಯ ಫೋನ್ ಚಿತ್ರದಿಂದಲೂ ಖಚಿತವಾಗುವುದಿಲ್ಲ, ಅದಕ್ಕೆ ಸೂಕ್ಷ್ಮದರ್ಶಕವೇ ಬೇಕು. ಅಂತಹ ಸಂದರ್ಭದಲ್ಲಿ ಕೀಟಗಳನ್ನು ಶೇ. 70ರ ಆಲ್ಕೋಹಾಲ್ ಇರುವ ಸಣ್ಣ ಸೀಸೆಯಲ್ಲಿ ಹಾಕಿ, ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನು ಒಳಗಿಟ್ಟು, ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಇಲ್ಲವೇ ರೈತ ಸಂಪರ್ಕ ಕೇಂದ್ರಕ್ಕೆ ತಲುಪಿಸಿರಿ. ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಕರಗಿಹೋಗುತ್ತದೆ.