ಒಲೆಯ ಮುಂದೆ ಯಾರು?

ಅಡುಗೆ ಹೆಣ್ಣಿಗೆ ಹುಟ್ಟಿನಿಂದಲೇ ಬರುತ್ತದೆ, ಗಂಡಸಿನ ಕೈಗೆ ಒಗ್ಗುವುದಿಲ್ಲ ಎಂದು ನಂಬಿದವರು ಯಾವುದಾದರೂ ಮದುವೆ ಛತ್ರದ ಹಿಂಬದಿಗೆ ಹೋಗಿ ನೋಡಬೇಕು. ಸಾವಿರ ಎಲೆಗಾಗುವಷ್ಟು ಹುಳಿ, ಪಾಯಸ ಮಾಡಿ ಇಳಿಸುವವರು ಅಡುಗೆ ಭಟ್ಟರು. ಉಡುಪಿಯ ಕೃಷ್ಣಮಠದಲ್ಲೂ ಊರೂರಿನ ಉಡುಪಿ ಹೋಟೆಲುಗಳಲ್ಲೂ ಒಲೆ ಕಾಯ್ದವರು ಗಂಡಸರೇ. ವಿರಾಟನ ಅರಮನೆಯಲ್ಲಿ ಭೀಮ ಸೌಟು ಹಿಡಿದದ್ದನ್ನು ಯಾರೂ ಕೀಳಾಗಿ ಕಂಡಿಲ್ಲ. ಕೈಯ ತೊಡಕು ಏನೂ ಇಲ್ಲ. ಸಂಭಾವನೆ ಸಿಗುವಲ್ಲಿ ಅಡುಗೆ ಗಂಡಸಿನ ಕಸುಬು. ಕಾಸಿಲ್ಲದೆ, ರಜೆಯಿಲ್ಲದೆ ಹೊತ್ತು ಹೊತ್ತಿಗೆ ಮಾಡಬೇಕಾದಲ್ಲಿ ಹೆಣ್ಣಿನ ಸ್ವಭಾವ. ಈ ಲೆಕ್ಕ ಹಾಕಿದ್ದು ಪ್ರಕೃತಿಯಲ್ಲ, ನಾವು.

ಕಾಲ ಬದಲಾಗಿದೆ, ಈಗ ಗಂಡಸರೂ ಮಾಡುತ್ತಾರೆ ಎಂಬುದು ಇನ್ನೊಂದು ಸಮಾಧಾನ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಹೇಳುವುದೇ ಬೇರೆ. ಮನೆಗೆಲಸದಲ್ಲಿ ತೊಡಗಿದ ಹೆಂಗಸರು 2019ರಲ್ಲಿ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟಿದ್ದರು, ಗಂಡಸರು 97. 2024ರ ಸಮೀಕ್ಷೆಯಲ್ಲಿ ಹೆಂಗಸರದು 289ಕ್ಕೆ ಬಂತು, ಗಂಡಸರದು 88ಕ್ಕೆ. ಏರುತ್ತದೆಂದುಕೊಂಡದ್ದು ಇಳಿದಿದೆ! ಇದು ಕೆಲಸ ಮಾಡಿದವರ ಸರಾಸರಿ ಮಾತ್ರ. 2019ರಲ್ಲಿ ನೂರರಲ್ಲಿ ಸುಮಾರು 74 ಗಂಡಸರು ಮನೆಗೆಲಸವನ್ನು ಮುಟ್ಟಿಯೇ ಇರಲಿಲ್ಲ.

"ಅವಳೇನು, ಮನೆಯಲ್ಲೇ ಇರ್ತಾಳೆ" ಎನ್ನುವವರಿಗೆ ಸುಪ್ರೀಂ ಕೋರ್ಟ್ ಎಂದೋ ಉತ್ತರಿಸಿದೆ. 2001ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆ ದುಡಿಯದವರ ಸಾಲಿಗೆ ಸೇರಿಸಿದ್ದನ್ನು ಅದು 2010ರಲ್ಲಿ ಕಟುವಾಗಿ ಖಂಡಿಸಿತು. ಅಪಘಾತ ಪರಿಹಾರ ನಿಗದಿ ಮಾಡುವಾಗ ಗೃಹಿಣಿಯ ದುಡಿಮೆಗೆ ಆದಾಯ ಕಟ್ಟಲೇಬೇಕೆಂದು 2021ರಲ್ಲಿ ಮತ್ತೆ ಹೇಳಿತು. ಬದುಕಿದ್ದಾಗ ಸಿಗದ ಬೆಲೆ ಸತ್ತ ಮೇಲೆ ಸಿಗುವುದು ನನಗೆ ಸಂಕಟದ ವಿಷಯ.

ಒಳ್ಳೆಯ ಗಂಡಸರಲ್ಲೂ ಉಳಿದಿರುವ ತಪ್ಪು ತಿಳಿವಳಿಕೆ ಒಂದಿದೆ: "ಹೇಳಿದರೆ ಮಾಡ್ತೀನಲ್ಲ." ಬೇಳೆ ಮುಗಿಯುತ್ತಿದೆ, ನಾಳೆ ನೀರು ಬರುವ ದಿನ, ಮಗುವಿಗೆ ಲಸಿಕೆ ಹಾಕಿಸಬೇಕು, ಅತ್ತೆಯ ಮಾತ್ರೆ ಎರಡೇ ಉಳಿದಿವೆ. ಇವನ್ನೆಲ್ಲ ತಲೆಯಲ್ಲಿಟ್ಟುಕೊಂಡು ಹೇಳುವುದೇ ಅರ್ಧ ಕೆಲಸ. ಹಾಗಾಗಿ ತರಕಾರಿ ಹೆಚ್ಚಿಕೊಟ್ಟು ಎದ್ದುಹೋದರೆ ಸಾಲದು. ರಾತ್ರಿಯ ಊಟ ನಿಮ್ಮದು ಎಂದರೆ ಏನು ಮಾಡಬೇಕೆಂದು ಬೆಳಿಗ್ಗೆಯೇ ಯೋಚಿಸುವುದರಿಂದ ಹಿಡಿದು ಅಡುಗೆ ಕಟ್ಟೆ ಒರೆಸಿ, ಮರುದಿನಕ್ಕೆ ಕಾಳು ನೆನೆಹಾಕುವವರೆಗೂ ನಿಮ್ಮದೇ.