ಜಾಕ್ ನಂಬಿ ಕಾರಿನಡಿ ಮಲಗಬೇಡಿ!
ಲಿಫ್ಟ್ ಇಲ್ಲದ ಮನೆಯಂಗಳದಲ್ಲಿ ಸ್ಪೋರ್ಟ್ಸ್ ಕಾರಿನ ಎಂಜಿನ್ ಇಳಿಸುವ ಬಗೆ

ಉಪ್ಪಲ್: ಭಾನುವಾರ ಬೆಳಿಗ್ಗೆ ಉಪ್ಪಲ್, ರಾಮಂತಾಪುರ, ಹಬ್ಸಿಗುಡದ ಒಳರಸ್ತೆಗಳಲ್ಲಿ ಒಂದು ಸುತ್ತು ಹಾಕಿದರೆ, ಪೋರ್ಟಿಕೋದಲ್ಲಿ ಬಾನೆಟ್ ತೆರೆದು ನಿಂತ ಕಾರು ಒಂದಾದರೂ ಕಣ್ಣಿಗೆ ಬೀಳುತ್ತದೆ. ಪ್ಲಗ್ ಒರೆಸುವುದು, ಆಯಿಲ್ ಬದಲಿಸುವುದು ಅನೇಕರಿಗೆ ರಜಾ ದಿನದ ಹವ್ಯಾಸ. ಕೆಲವರ ಉಮೇದು ಅಲ್ಲಿಗೆ ನಿಲ್ಲುವುದಿಲ್ಲ. ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ತಂದು, ಅದರ ಎಂಜಿನ್ನನ್ನೇ ಮನೆಯಲ್ಲಿ ಇಳಿಸಿ ರಿಪೇರಿ ಮಾಡುವ ಆಸೆ ಅವರದು.

ಹೈದರಾಬಾದಿಗೆ ಇಂಥ ಹುಚ್ಚು ಹೊಸದಲ್ಲ. ಬಹದ್ದೂರ್‌ಪುರದಲ್ಲಿರುವ ಸುಧಾ ಕಾರ್ಸ್ ಮ್ಯೂಸಿಯಂಗೆ ಹೋದವರು, ಕೈಯಿಂದಲೇ ತಯಾರಿಸಿದ ಚಿತ್ರವಿಚಿತ್ರ ವಾಹನಗಳನ್ನು ನೋಡಿ ಬೆರಗಾಗಿರುತ್ತಾರೆ. ಕನ್ನಡಿಗರಿಗೂ ಹೆಮ್ಮೆಯ ಒಂದು ಕಾರಿದೆ. ಬೆಂಗಳೂರಿನ ಸ್ಯಾನ್ ಮೋಟಾರ್ಸ್ 1998ರಲ್ಲಿ ಹೊರತಂದ 'ಸ್ಯಾನ್ ಸ್ಟಾರ್ಮ್' ಎರಡೇ ಸೀಟಿನ, ಫೈಬರ್ ಗ್ಲಾಸ್ ಮೈಯ ಪುಟ್ಟ ಸ್ಪೋರ್ಟ್ಸ್ ಕಾರು. ಗೋವಾದಲ್ಲಿ ತಯಾರಾಗುತ್ತಿದ್ದ ಇದರೊಳಗಿದ್ದದ್ದು ರೆನೋ ಕಂಪನಿಯ 1149 ಸಿಸಿ ಎಂಜಿನ್. ತಯಾರಿಕೆ ನಿಂತು ವರ್ಷಗಳೇ ಕಳೆದಿವೆ. ಇಂಥ ಕಾರುಗಳಿಗೆ ಬಿಡಿಭಾಗ ಹುಡುಕುವುದೂ ಕಷ್ಟ, ಬಿಚ್ಚಲು ಒಪ್ಪುವ ಗ್ಯಾರೇಜ್ ಹುಡುಕುವುದೂ ಕಷ್ಟ. ಹೀಗಾಗಿ ಮಾಲೀಕರೇ ಸ್ಪ್ಯಾನರ್ ಹಿಡಿಯುತ್ತಾರೆ.

ಗ್ಯಾರೇಜಿನಲ್ಲಿ ಕಾರನ್ನು ಆಳೆತ್ತರಕ್ಕೆ ಎತ್ತಿ ನಿಲ್ಲಿಸುವ ಲಿಫ್ಟ್ ಇರುತ್ತದೆ. ಮನೆಯಲ್ಲಿ ಅದಿಲ್ಲ. ಹಾಗಾದರೆ ಇದು ಸಾಧ್ಯವೇ? ಖಂಡಿತ ಸಾಧ್ಯ. ಆದರೆ ಇದಕ್ಕೆ ಬೇಕಾದದ್ದು ತೋಳ್ಬಲಕ್ಕಿಂತ ಹೆಚ್ಚಾಗಿ ತಾಳ್ಮೆ ಮತ್ತು ಕ್ರಮ. ಅದು ತಪ್ಪಿದರೆ ಹೋಗುವುದು ಎಂಜಿನ್ ಮಾತ್ರವಲ್ಲ, ಪ್ರಾಣ.

ಮೇಲಕ್ಕೋ, ಕೆಳಕ್ಕೋ?

ಮೊದಲು ತಿಳಿಯಬೇಕಾದದ್ದು ಎಂಜಿನ್ ಎಲ್ಲಿದೆ ಎಂಬುದನ್ನು. ಎಂಜಿನ್ ಮುಂದಿರುವ ಅನೇಕ ಕಾರುಗಳಲ್ಲಿ ಬಾನೆಟ್ ಕಳಚಿ, ಎಂಜಿನ್ನನ್ನು ಮೇಲಕ್ಕೆ ಎತ್ತಿ ತೆಗೆಯಬಹುದು. ಇದಕ್ಕೆ ಚೈನ್ ಪುಲ್ಲಿ, ಅದನ್ನು ತೂಗುಹಾಕಲು ಗಟ್ಟಿಯಾದ ಕಬ್ಬಿಣದ ಮುಕ್ಕಾಲಿ ಅಥವಾ ಬಾಡಿಗೆಗೆ ಸಿಗುವ ಎಂಜಿನ್ ಕ್ರೇನ್ ಬೇಕು. ಒಂದು ಟನ್ನಿನ ಚೈನ್ ಪುಲ್ಲಿಯ ಗುಣವೆಂದರೆ, ಒಬ್ಬನೇ ಮನುಷ್ಯ ಸರಪಳಿ ಎಳೆದು ಎಂಜಿನ್ನನ್ನು ಇಂಚಿಂಚಾಗಿ ಎತ್ತಬಹುದು. ಕೈ ಬಿಟ್ಟರೂ ಒಳಗಿನ ಬ್ರೇಕ್ ಭಾರವನ್ನು ಹಿಡಿದು ನಿಲ್ಲಿಸುತ್ತದೆ. ಬಾವಿಯ ರಾಟೆಗೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಪೋರ್ಟಿಕೋ ಸ್ಲ್ಯಾಬಿನ ಫ್ಯಾನ್ ಕೊಕ್ಕೆಗೋ, ಅಂಗಳದ ಬೇವಿನ ಕೊಂಬೆಗೋ ಪುಲ್ಲಿ ಕಟ್ಟುವ ಯೋಚನೆ ಬೇಡ. ಫ್ಯಾನ್ ಕೊಕ್ಕೆ ಫ್ಯಾನಿನ ಭಾರಕ್ಕಾಗಿ ಇಟ್ಟದ್ದು, ಎಂಜಿನ್ನಿನ ತೂಕವೋ ನೂರು ಕಿಲೋಗೆ ಕಡಿಮೆ ಇರುವುದು ಅಪರೂಪ.

ಎಂಜಿನ್ ಹಿಂದಿರುವ ಅಥವಾ ನಡುವಿನಲ್ಲಿರುವ ಸ್ಪೋರ್ಟ್ಸ್ ಕಾರುಗಳ ಲೆಕ್ಕವೇ ಬೇರೆ. 1963ರಲ್ಲಿ ಮೊದಲು ಪ್ರದರ್ಶನಗೊಂಡ ಪೋರ್ಷೆ 911 ಇದಕ್ಕೆ ಹೆಸರುವಾಸಿ ಉದಾಹರಣೆ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲೂ ಎಂಜಿನ್ ಹಿಂಭಾಗದಲ್ಲೇ ಇತ್ತು. ಇವುಗಳಲ್ಲಿ ಎಂಜಿನ್ ಹೊರಬರುವುದು ಕೆಳಗಿನಿಂದ. ಎಂಜಿನ್ನಿನ ಅಡಿಗೆ ಟ್ರಾಲಿ ಜಾಕ್ ಕೊಟ್ಟು, ಹಿಡಿದ ಬೋಲ್ಟ್‌ಗಳನ್ನು ಬಿಚ್ಚಿ, ನಿಧಾನವಾಗಿ ಗಾಲಿ ಹಲಗೆಯ ಮೇಲೆ ಇಳಿಸಬೇಕು. ಆಮೇಲೆ ಕಾರಿನ ಮೈಯನ್ನು ಎಂಜಿನ್ನಿಗಿಂತ ಎತ್ತರಕ್ಕೆ ಏರಿಸಿ, ಹಲಗೆಯನ್ನು ಹೊರಗೆಳೆಯಬೇಕು. ಎಂಜಿನ್ನಿನ ಮೇಲಿಂದ ಕಾರನ್ನೇ ಎತ್ತಿದ ಹಾಗೆ!

ಎತ್ತಲು ಜಾಕ್, ಹೊರಲು ಸ್ಟ್ಯಾಂಡ್

ಇಲ್ಲೇ ಅಪಾಯ ಇರುವುದು. ಹೈಡ್ರಾಲಿಕ್ ಜಾಕ್ ಎತ್ತುವ ಸಾಧನ, ಭಾರ ಹೊತ್ತು ನಿಲ್ಲುವ ಸಾಧನವಲ್ಲ. ಒಳಗಿನ ಸೀಲ್ ಸೋರಿದರೆ ಕಾರು ಕುಸಿಯುತ್ತದೆ. ಕಾರನ್ನು ಎತ್ತಿದ ಕೂಡಲೇ, ತಯಾರಕರು ಸೂಚಿಸಿದ ಜಾಗದಲ್ಲಿ ಉಕ್ಕಿನ ಜಾಕ್ ಸ್ಟ್ಯಾಂಡ್ ಇಟ್ಟು, ಭಾರವನ್ನು ಅದರ ಮೇಲೆ ಬಿಡಬೇಕು. ಇಟ್ಟಿಗೆ, ಹಾಲೋ ಬ್ಲಾಕ್ ಬೇಡವೇ ಬೇಡ. ಅವು ಬಿರುಕು ಬಿಡುವಾಗ ಮುನ್ಸೂಚನೆ ಕೊಡುವುದಿಲ್ಲ. ಬಿಚ್ಚಿಟ್ಟ ಚಕ್ರಗಳನ್ನು ಕಾರಿನ ಅಂಚಿನಡಿ ಮಲಗಿಸಿದರೆ ಎರಡನೆಯ ಕಾವಲು.

ನೆಲವೂ ಮುಖ್ಯ. ಸಮತಟ್ಟಾದ ಸಿಮೆಂಟ್ ನೆಲವೇ ಉತ್ತಮ. ಟೈಲ್ಸ್ ಇದ್ದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಪ್ಲೈವುಡ್ ಹಾಕಬೇಕು. ಮೇ ತಿಂಗಳ ಹೈದರಾಬಾದ್ ಬಿಸಿಲಿಗೆ ಡಾಂಬರು ಮೆತ್ತಗಾಗುತ್ತದೆ, ಸ್ಟ್ಯಾಂಡಿನ ಕಾಲು ಅದರಲ್ಲಿ ಹೂತುಹೋಗುತ್ತದೆ. ಆದ್ದರಿಂದ ರಸ್ತೆಯ ಮೇಲೆ ಈ ಕೆಲಸ ಕೂಡದು.

ಅನುಭವಿಗಳೂ ಮರೆಯುವ ಇನ್ನೊಂದು ಸಂಗತಿಯಿದೆ. ಹಿಂದಿನ ಎಂಜಿನ್ ಇಳಿದ ಕ್ಷಣ ಕಾರಿನ ತೂಕದ ಹಂಚಿಕೆ ಬದಲಾಗುತ್ತದೆ, ಮೂತಿ ಭಾರವಾಗಿ ಕಾರು ಮುಂದಕ್ಕೆ ವಾಲಬಹುದು. ಎಂಜಿನ್ ಇದ್ದಾಗ ಭದ್ರವಾಗಿದ್ದ ಸ್ಟ್ಯಾಂಡ್, ಎಂಜಿನ್ ಇಳಿದ ಮೇಲೂ ಭದ್ರವಾಗಿದೆಯೇ ಎಂದು ಮೊದಲೇ ಯೋಚಿಸಬೇಕು. ಮೈಯನ್ನು ಏರಿಸುವಾಗಲೂ ಒಂದು ಬದಿ ಒಂದು ಹಲ್ಲು, ಇನ್ನೊಂದು ಬದಿ ಒಂದು ಹಲ್ಲು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಬಿಚ್ಚಿದ್ದಕ್ಕೆಲ್ಲ ಲೆಕ್ಕ ಇರಲಿ

ಕೆಲಸ ಶುರುವಾಗುವುದು ಬ್ಯಾಟರಿಯಿಂದ. ಮೈನಸ್ ವೈರ್ ಮೊದಲು ಕಳಚಬೇಕು. ಇಂಜೆಕ್ಷನ್ ಎಂಜಿನ್ನಿನ ಪೆಟ್ರೋಲ್ ಪೈಪಿನಲ್ಲಿ ಒತ್ತಡ ಇರುತ್ತದೆ. ಆದ್ದರಿಂದ ಬ್ಯಾಟರಿ ಮುಟ್ಟುವ ಮುನ್ನವೇ ಬಯಲಿನಲ್ಲಿ ಕಾರು ನಿಲ್ಲಿಸಿ, ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಒತ್ತಡ ಇಳಿಸುವುದು ಸಾಮಾನ್ಯ ಕ್ರಮ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಕೊಲ್ಲುತ್ತದೆ. ಪೆಟ್ರೋಲ್ ಪೈಪ್ ಬಿಚ್ಚುವಾಗ ಹತ್ತಿರದಲ್ಲಿ ದೇವರ ದೀಪ, ಬೀಡಿ, ಗ್ಯಾಸ್ ಒಲೆ ಇರಬಾರದು.

ಏಸಿ ಗ್ಯಾಸನ್ನು ಗಾಳಿಗೆ ಬಿಡಬಾರದು. ಏಸಿ ಮೆಕ್ಯಾನಿಕ್‌ನಿಂದ ಯಂತ್ರದ ಮೂಲಕ ತೆಗೆಸಬೇಕು. ಸಾಧ್ಯವಿದ್ದರೆ ಪೈಪ್ ಸಮೇತ ಕಂಪ್ರೆಸರ್ ಬಿಚ್ಚಿ ಪಕ್ಕಕ್ಕೆ ಕಟ್ಟಿಡಬಹುದು. ರೇಡಿಯೇಟರಿನ ಕೂಲೆಂಟ್ ಸಿಹಿಯಾಗಿದ್ದರೂ ವಿಷ, ಮಕ್ಕಳು ಮತ್ತು ಸಾಕುನಾಯಿ ಹತ್ತಿರ ಸುಳಿಯದಂತೆ ಡಬ್ಬಿಯಲ್ಲಿ ಮುಚ್ಚಿಡಬೇಕು. ಹಳೆಯ ಆಯಿಲನ್ನು ಮೋರಿಗೆ ಸುರಿಯದೆ ಗ್ಯಾರೇಜಿಗೆ ಒಪ್ಪಿಸಬೇಕು.

ಪ್ರತಿ ವೈರಿಗೂ ಪೈಪಿಗೂ ಟೇಪ್ ಸುತ್ತಿ ಹೆಸರು ಬರೆಯಬೇಕು, ಬಿಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆಯಬೇಕು. ಬೋಲ್ಟ್‌ಗಳಿಗೆ ಖಾಲಿ ಮೊಸರಿನ ಡಬ್ಬಿಗಳೇ ಸಾಕು, ಆದರೆ ಒಂದೊಂದು ಜಾಗದ್ದು ಒಂದೊಂದು ಡಬ್ಬಿಯಲ್ಲಿ. ಸಂಜೆ ಕ್ಯಾಶ್ ತಾಳೆ ನೋಡಿದ ಹಾಗೆ, ದಿನದ ಕೊನೆಗೆ ಎಲ್ಲ ಲೆಕ್ಕ ಸಿಗಬೇಕು. ಇಳಿಯುತ್ತಿದ್ದ ಎಂಜಿನ್ ನಡುವೆ ಸಿಕ್ಕಿಕೊಂಡರೆ ಒದೆಯಬೇಡಿ, ತಳ್ಳಬೇಡಿ. ಬಹುತೇಕ ಒಂದು ಅರ್ಥ್ ವೈರೋ, ಕ್ಲಚ್ ಕೇಬಲ್ಲೋ ಇನ್ನೂ ಬಿಚ್ಚದೆ ಉಳಿದಿರುತ್ತದೆ.

ಒಬ್ಬರೇ ಈ ಕೆಲಸಕ್ಕೆ ಇಳಿಯಕೂಡದು. ಜಾಕ್ ಮತ್ತು ಸ್ಟ್ಯಾಂಡಿನ ಮೇಲೆ ಕಣ್ಣಿಡುವುದೇ ಒಬ್ಬರ ಕೆಲಸವಾಗಿರಲಿ. ಎಂಜಿನ್ ತೂಗುವಾಗ ಅದರ ಕೆಳಗೆ ಕೈ, ಕಾಲು, ತಲೆ ಯಾವುದೂ ಇರಬಾರದು.

ಆರ್‌ಸಿ ಮರೆಯಬೇಡಿ

ಅದೇ ಎಂಜಿನ್ನನ್ನು ರಿಪೇರಿ ಮಾಡಿ ಮರಳಿ ಕೂರಿಸಿದರೆ ತಕರಾರಿಲ್ಲ. ಬೇರೆ ಎಂಜಿನ್ ಹಾಕುವುದಾದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಸಾರಿಗೆ ಕಚೇರಿಯ ಅನುಮತಿ ಪಡೆದು, ಹೊಸ ಎಂಜಿನ್ ನಂಬರನ್ನು ಆರ್‌ಸಿಯಲ್ಲಿ ನಮೂದಿಸಬೇಕು. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕ ಎಂಜಿನ್ನಿಗೆ ಬಿಲ್ ಇಲ್ಲದಿದ್ದರೆ ಕೊಳ್ಳದಿರುವುದೇ ಲೇಸು. ಅದು ಕದ್ದ ಗಾಡಿಯದ್ದಾದರೆ ಠಾಣೆ ಮೆಟ್ಟಿಲು ಹತ್ತಬೇಕಾದೀತು. ಆರ್‌ಸಿಗೂ ಎಂಜಿನ್ ನಂಬರಿಗೂ ತಾಳೆಯಾಗದಿದ್ದರೆ ವಿಮೆ ಕ್ಲೇಮಿನ ವೇಳೆ ತಕರಾರು ಏಳಬಹುದು.

ಊರಿನಿಂದ ಕಾರು ತಂದಿರುವ ಕನ್ನಡಿಗರಿಗೆ ಇನ್ನೊಂದು ಮಾತು. ಕಲಬುರಗಿ, ಬೀದರ್, ರಾಯಚೂರಿನ ಕೆಎ ನಂಬರಿನ ಕಾರು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ, ಅದೇ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ತೆಲಂಗಾಣದ ನಂಬರ್ ಪಡೆಯಬೇಕು. ಅದಕ್ಕೆ ಮೂಲ ಸಾರಿಗೆ ಕಚೇರಿಯ ಎನ್‌ಒಸಿ ಬೇಕು. ಎಂಜಿನ್ ಬದಲಿಸುವ ಇರಾದೆಯಿದ್ದರೆ, ಸ್ಪ್ಯಾನರ್ ಹಿಡಿಯುವ ಮೊದಲು ಈ ಕಾಗದಪತ್ರ ಸರಿಪಡಿಸಿಕೊಳ್ಳುವುದು ಜಾಣತನ.

ಇಷ್ಟೆಲ್ಲ ಓದಿದ ಮೇಲೂ ಧೈರ್ಯ ಸಾಲದಿದ್ದರೆ ನಾಚಿಕೆ ಪಡಬೇಕಾಗಿಲ್ಲ. ವೈರ್, ಪೈಪ್ ಬಿಚ್ಚುವ ಕೆಲಸ ತಾವೇ ಮಾಡಿಕೊಂಡು, ಎಂಜಿನ್ ಇಳಿಸುವ ಆ ಒಂದೆರಡು ಗಂಟೆಗೆ ಮಾತ್ರ ಅನುಭವಿ ಮೆಕ್ಯಾನಿಕ್ ಒಬ್ಬರನ್ನು ಕರೆಸಿಕೊಳ್ಳಬಹುದು. ಆ ಕೂಲಿ ದಂಡವಲ್ಲ. ಮಧ್ಯಾಹ್ನ ಮನೆಯವರು ಊಟಕ್ಕೆ ಕರೆದಾಗ, ಕಾರಿನಡಿಯಿಂದ ಎದ್ದು ಬಂದು ಕೈ ತೊಳೆದುಕೊಳ್ಳುವುದು ಎಲ್ಲಕ್ಕಿಂತ ಮುಖ್ಯ.