ನಿಮಗಿದು ಗೊತ್ತೆ? ಲಂಕೆಯ ರೂಪಾಯಿ ನಮ್ಮದಕ್ಕಿಂತ ದುಬಾರಿಯಾಗಿತ್ತು!

ಭಾರತ ಮತ್ತು ಸಿಲೋನಿನ (ಇಂದಿನ ಶ್ರೀಲಂಕಾ) ರೂಪಾಯಿಗಳಿಗೆ ದಶಕಗಳ ಕಾಲ ಒಂದೇ ಬೆಲೆಯಿತ್ತು. ಮದ್ರಾಸಿನ ಎಗ್ಮೋರ್‌ನಲ್ಲಿ ಬೋಟ್ ಮೇಲ್ ರೈಲು ಹತ್ತಿ, ಧನುಷ್ಕೋಡಿಯಲ್ಲಿ ಹಡಗು ಹಿಡಿದು ಕೊಲಂಬೊಗೆ ಹೊರಟವರಿಗೆ ದರ ಗುಣಿಸುವ ಗೋಜಿರಲಿಲ್ಲ. 1949ರಲ್ಲಿ ಪೌಂಡಿನೊಂದಿಗೆ ಎರಡೂ ಇಳಿದು, ಡಾಲರಿಗೆ 4.76ರಂತೆ ನಿಂತವು. 1966ರ ಜೂನ್ 6ರಂದು ಭಾರತ ತನ್ನ ರೂಪಾಯಿಯನ್ನು ಅಪಮೌಲ್ಯಗೊಳಿಸಿ ಡಾಲರಿಗೆ 7.50ಕ್ಕೆ ಇಳಿಸಿತು, ಸಿಲೋನ್ ಕದಲಲಿಲ್ಲ. ಅಲ್ಲಿನ ಒಂದು ರೂಪಾಯಿ ಇಲ್ಲಿನ ಒಂದೂವರೆ ರೂಪಾಯಿಯನ್ನೂ ಮೀರಿತು. ಇಂದು ನಂಬುವುದೇ ಕಷ್ಟ! 1967ರ ನವೆಂಬರಿನಲ್ಲಿ ಸಿಲೋನೂ 5.95ಕ್ಕೆ ಇಳಿಯಿತು. 1977ರಲ್ಲಿ ಆರ್ಥಿಕತೆ ಮುಕ್ತಗೊಂಡ ಮೇಲಂತೂ ಲಂಕೆಯ ರೂಪಾಯಿ ಜಾರುತ್ತಲೇ ಹೋಯಿತು. 2022ರ ಆರ್ಥಿಕ ಬಿಕ್ಕಟ್ಟಿನಲ್ಲಿ ಅದು ಡಾಲರಿಗೆ ಸುಮಾರು 200ರಿಂದ 360ರಾಚೆಗೆ ಕುಸಿಯಿತು. 2025ರಲ್ಲಿ ಭಾರತದ ಒಂದು ರೂಪಾಯಿ ಲಂಕೆಯ ಮೂರು ರೂಪಾಯಿಗಿಂತ ಹೆಚ್ಚು.